ಹದಿನಾರನೇ ದಿನದ ಮಾತ್ರೆ

(ಹಾಸನದಲ್ಲಿ ವೈದ್ಯರೊಬ್ಬರು ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

2025ರ ಜೂನ್ ತಿಂಗಳನ್ನು ಹಾಸನದವರು ಮರೆಯುವುದು ಕಷ್ಟ. ಟಿವಿ ಹಾಕಿದರೆ ನಮ್ಮ ಜಿಲ್ಲೆಯ ಹೆಸರು, ವಾಟ್ಸಾಪ್ ತೆಗೆದರೆ ನಮ್ಮ ಜಿಲ್ಲೆಯ ಹೆಸರು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತ ಅಂತ ಪರದೆಯ ಮೇಲೆ ಲೆಕ್ಕ ಓಡುತ್ತಿತ್ತು. ಗಟ್ಟಿಮುಟ್ಟಾಗಿದ್ದವರೂ ಬೆಳಗಿನ ಜಾವದ ಬಸ್ಸು ಹಿಡಿದು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಸರ್ಕಾರ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ವರದಿ ಬಂತು: ಅಸಹಜ ಅನ್ನುವಂಥ ಏರಿಕೆ ಕಂಡಿಲ್ಲ. ಟಿವಿಯವರು ಬೇರೆ ಸುದ್ದಿಗೆ ಹೋದರು, ಸಾಲೂ ಕರಗಿತು.

ಆ ಗಲಾಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಮುಂದೆ ಯಾರಿಗೆ ಆಗುತ್ತೆ? ಈಗಾಗಲೇ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದು ಕೂತವರು ಹೇಗಿದ್ದಾರೆ ಅಂತ ಯಾರೂ ಕೇಳಲಿಲ್ಲ. ಇವತ್ತು ನಾನು ಮಾತಾಡುವುದು ಅವರ ಬಗ್ಗೆ. ಅದರಲ್ಲೂ ಕೂಲಿ ಮಾಡುವವರು, ಕಾಫಿ ತೋಟದ ಲೈನ್ ಮನೆಯಲ್ಲಿರುವವರು, ಎಪಿಎಂಸಿ ಯಾರ್ಡಿನ ಹಮಾಲಿಗಳು, ಎರಡೆಕರೆ ಶುಂಠಿ ಹಾಕಿ ಸಾಲ ಮಾಡಿಕೊಂಡವರು. ಹೃದಯದ ಚಿಕಿತ್ಸೆ ಇವರಿಗೂ ಅದೇ, ಸ್ಟೆಂಟೂ ಅದೇ. ಆದರೆ ಚಿಕಿತ್ಸೆ ಆದ ಮೇಲಿನ ಬದುಕು ಒಂದೇ ಅಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಚಿಕಿತ್ಸೆ ಸಿಗುವುದೇ ದೊಡ್ಡ ಮಾತಾಗಿದ್ದ ಕಾಲ ಬಹುಮಟ್ಟಿಗೆ ಹೋಯಿತು. ಔಷಧಿ ಲೇಪಿತ ಸ್ಟೆಂಟ್ ಒಂದಕ್ಕೆ ಲಕ್ಷದ ಮೇಲೆ ಬಿಲ್ ಮಾಡುತ್ತಿದ್ದ ದಿನಗಳಿದ್ದವು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದರ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು, ಲೇಪನವಿಲ್ಲದ್ದಕ್ಕೆ 7,260. ಮರುವರ್ಷ ಆಯುಷ್ಮಾನ್ ಭಾರತ್ ಬಂತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ನಮ್ಮ ರಾಜ್ಯದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಜಯದೇವವನ್ನು ದೀರ್ಘಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರು. ಮೊದಲು ಚಿಕಿತ್ಸೆ, ಆಮೇಲೆ ದುಡ್ಡು ಅನ್ನುವುದನ್ನು ಅವರು ಅಲ್ಲಿ ರೂಢಿಗೆ ತಂದರು.

ಇಂಥ ಯೋಜನೆಗಳಿಂದ ಏನೂ ಆಗಲ್ಲ ಅನ್ನುವವರಿಗೆ ಒಂದು ಉದಾಹರಣೆ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ನಮ್ಮ ಉತ್ತರದ ಜಿಲ್ಲೆಗಳಿಗೆ ಮೊದಲು ಬಂತು, ದಕ್ಷಿಣಕ್ಕೆ ತಡವಾಗಿ. ಗಡಿಯ ಆಚೆ ಯೋಜನೆ ಇದ್ದ ಹಳ್ಳಿ, ಈಚೆ ಇಲ್ಲದ ಹಳ್ಳಿ, ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ, ಆ ಯೋಜನೆಯ ವ್ಯಾಪ್ತಿಗೆ ಬರುವಂಥ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಶೇಕಡ 64ರಷ್ಟು ಕಡಿಮೆ ಇತ್ತು. ಹಾಗಾಗಿ ಆಯುಷ್ಮಾನ್ ಕಾರ್ಡನ್ನು ಹಗುರವಾಗಿ ನೋಡಬೇಡಿ. ಮನೆಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ನೋಡಿ, ಎದೆನೋವು ಬರುವ ಮೊದಲೇ ಸೇರಿಸಿ.

ಈಗ ಬಡತನಕ್ಕೂ ಫಲಿತಾಂಶಕ್ಕೂ ಏನು ಸಂಬಂಧ ಅಂತ ನೋಡೋಣ. ಇದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಲೆಕ್ಕವಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಜೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು 50 ಊರುಗಳ 89 ಆಸ್ಪತ್ರೆಗಳಿಂದ 20,468 ಹೃದಯಾಘಾತದ ರೋಗಿಗಳ ದಾಖಲೆ ಕಲೆಹಾಕಿ 2008ರಲ್ಲಿ ಪ್ರಕಟಿಸಿದರು. ಮೂವತ್ತು ದಿನದೊಳಗೆ ತೀರಿಕೊಂಡವರು ಶ್ರೀಮಂತರಲ್ಲಿ ಶೇಕಡ 5.5, ಬಡವರಲ್ಲಿ 8.2. ಇದನ್ನು ಕೇಳಿ ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ. ಅದರ ಮುಂದಿನ ಸಾಲು ಮುಖ್ಯ. ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತು ಅನ್ನುವುದನ್ನು ಸರಿಸಮ ಮಾಡಿ ಲೆಕ್ಕ ಹಾಕಿದರೆ ಆ ಅಂತರ ಅಳಿಸಿಹೋಗುತ್ತಿತ್ತು. ಅಂದರೆ ಬಡವನ ಹೃದಯದಲ್ಲಿ ಬೇರೆ ದೋಷವೇನೂ ಇರಲಿಲ್ಲ, ಅವನಿಗೆ ಸಿಕ್ಕಿದ್ದು ಕಡಿಮೆ, ಅಷ್ಟೇ.

ಹಾಗಾದರೆ ಎಲ್ಲರಿಗೂ ಒಂದೇ ಚಿಕಿತ್ಸೆ ಕೊಟ್ಟುಬಿಟ್ಟರೆ ಕೆಲಸ ಮುಗಿಯಿತೇ? ಇಲ್ಲಿ ಇಂಗ್ಲೆಂಡಿಗೆ ಹೋಗಿಬರೋಣ. ಅಲ್ಲಿ 1948ರಿಂದ ಸರ್ಕಾರಿ ವೈದ್ಯಸೇವೆ. ಬೈಪಾಸ್ ಆಗಲಿ, ವಾಲ್ವ್ ಅಂದರೆ ಹೃದಯದ ಕವಾಟದ ಆಪರೇಷನ್ ಆಗಲಿ, ರೋಗಿ ಬಿಲ್ ಕಟ್ಟುವ ಹಾಗಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಾದ ಸುಮಾರು 45 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ವರದಿ ಬರೆದರು. ಬಡ ಬಡಾವಣೆಗಳಿಂದ ಬಂದವರು ಆಪರೇಷನ್ ಆದಮೇಲೂ ಬೇಗ ಸಾಯುತ್ತಿದ್ದರು. ಸಿಗರೇಟು, ಸಕ್ಕರೆ ಕಾಯಿಲೆ, ತೂಕ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವುದು ಇದು. ಮೊದಲ ತಿಂಗಳ ಹಣೆಬರಹ ಬರೆಯುವುದು ಆಸ್ಪತ್ರೆ, ಆಮೇಲಿನದ್ದು ಮನೆ, ಕೆಲಸ, ಬಸ್ಸು ಮತ್ತು ಮೆಡಿಕಲ್ ಶಾಪು. ನಾವು ದುಡ್ಡು ಸುರಿದಿರುವುದೆಲ್ಲ ಆ ಮೊದಲ ಭಾಗಕ್ಕೆ.

ಯೋಜನೆಯ ನಿಯಮವನ್ನೇ ನೋಡಿ. ಆಯುಷ್ಮಾನ್ ಭಾರತ್ ಪ್ಯಾಕೇಜಿನಲ್ಲಿ ಆಸ್ಪತ್ರೆ ಖರ್ಚು ಸೇರಿದೆ, ಡಿಸ್ಚಾರ್ಜ್ ಆದಮೇಲೆ 15 ದಿನದ ಔಷಧಿಯೂ ಸೇರಿದೆ. ಹದಿನಾರನೇ ದಿನ? ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು, ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್ ಅಥವಾ ಅದೇ ಜಾತಿಯ ಇನ್ನೊಂದನ್ನು, ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು. ಆಸ್ಪಿರಿನ್, ಕೊಲೆಸ್ಟ್ರಾಲ್ ಮಾತ್ರೆ ಜೀವನಪೂರ್ತಿ. ಬೋರ್‌ವೆಲ್ ಕೊರೆಸಿ, ಮೋಟರ್ ಇಳಿಸಿ, ಹದಿನೈದು ದಿನ ಕರೆಂಟು ಕೊಟ್ಟು ಆಮೇಲೆ ಫ್ಯೂಸ್ ಕಿತ್ತುಕೊಂಡು ಹೋದ ಹಾಗೆ ಇದು.

ಈ ಎರಡು ಮಾತ್ರೆ ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಆಸ್ಪತ್ರೆಯಲ್ಲಿ ಇದನ್ನು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಸ್ಟೆಂಟ್ ಅಂದರೆ ಲೋಹದ ಬಲೆಯ ಸಣ್ಣ ಕೊಳವೆ. ರಕ್ತನಾಳದೊಳಗೆ ಅದು ಹೊರಗಿನ ವಸ್ತು. ಹೊರಗಿನ ವಸ್ತು ಕಂಡರೆ ರಕ್ತ ಹೆಪ್ಪುಗಟ್ಟುತ್ತದೆ, ಅದು ರಕ್ತದ ಸ್ವಭಾವ. ತಿಂಗಳುಗಳು ಕಳೆದಂತೆ ನಾಳದ ಒಳಪೊರೆ ಆ ಬಲೆಯ ಮೇಲೆ ಬೆಳೆದು ಅದನ್ನು ಮುಚ್ಚಿಕೊಳ್ಳುತ್ತದೆ. ಹೆಪ್ಪುಗಟ್ಟದ ಹಾಗೆ ಅಲ್ಲಿಯವರೆಗೆ ತಡೆಯುವುದು ಈ ಮಾತ್ರೆಗಳು. ನಡುವೆ ನಿಲ್ಲಿಸಿದರೆ ಸ್ಟೆಂಟೇ ಒಮ್ಮೆಲೇ ಕಟ್ಟಿಕೊಳ್ಳಬಹುದು. ಹಾಗೆ ಆದದ್ದು ನಿಧಾನದ ಬ್ಲಾಕ್ ಅಲ್ಲ, ಪೂರ್ತಿ ಹೃದಯಾಘಾತ. ಎಷ್ಟೋ ಜನ ಆಸ್ಪತ್ರೆ ಮುಟ್ಟುವುದಿಲ್ಲ.

ಅಷ್ಟು ಮುಖ್ಯವಾದದ್ದನ್ನು ಯಾಕೆ ನಿಲ್ಲಿಸುತ್ತಾರೆ? ತಿಳಿವಳಿಕೆ ಇಲ್ಲ, ಹೇಳಿದ್ದು ಕೇಳಲ್ಲ ಅಂತ ನಮ್ಮ ವೈದ್ಯರೇ ಬಯ್ಯುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬರುವವರು ಪ್ಲಾಸ್ಟಿಕ್ ಕವರ್ ತರುತ್ತಾರಲ್ಲ, ಅದನ್ನು ಮೇಜಿನ ಮೇಲೆ ಸುರಿದು ನೋಡಬೇಕು. ಕವರಿನೊಳಗೆ ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್, ಮಡಚಿ ಮಡಚಿ ಮೂಲೆ ಹರಿದ ಡಿಸ್ಚಾರ್ಜ್ ಸಮ್ಮರಿ, ಆಮೇಲೆ ಮಾತ್ರೆಯ ಚೂರುಗಳು. ಪಟ್ಟಿ ಅಲ್ಲ, ಚೂರು. ಪೂರ್ತಿ ಪಟ್ಟಿಗೆ ದುಡ್ಡಿಲ್ಲದಾಗ 'ನಾಲ್ಕು ದಿನದ್ದು ಕೊಡಿ' ಅಂತ ಕೇಳುತ್ತಾರೆ, ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿಯಿತು, ಮನೆಗೆ ಬಂದದ್ದು ಹೆಸರಿಲ್ಲದ ಬೆಳ್ಳಿ ಹಾಳೆ. ಐದು ಬಗೆಯ ಮಾತ್ರೆಗೆ ಐದು ಬೆಳ್ಳಿ ಚೂರು. ಅದರಲ್ಲಿ ಮೂರು ಬಿಳಿ, ಎರಡು ಗುಲಾಬಿ. ಯಾವುದು ಬೆಳಿಗ್ಗೆ, ಯಾವುದು ರಾತ್ರಿ? ನಾನು ಎಂ.ಡಿ. ಓದಿದವನು, ನನಗೂ ಹೇಳಲಾಗುವುದಿಲ್ಲ.

ಆ ಕವರನ್ನೇ ಇನ್ನಷ್ಟು ನೋಡಿದರೆ ಮನೆಯ ಲೆಕ್ಕಾಚಾರ ಕಾಣುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಖಾಲಿಯಾಗಿರುತ್ತದೆ, ಯಾಕೆಂದರೆ ಅದು ತೆಗೆದುಕೊಂಡರೆ ಹೊಟ್ಟೆಗೆ ಹಿತ, ಕೂಡಲೇ ಗೊತ್ತಾಗುತ್ತದೆ. ಕೊಲೆಸ್ಟ್ರಾಲ್ ಮಾತ್ರೆ ಹಾಗೇ ಉಳಿದಿರುತ್ತದೆ. ತೆಗೆದುಕೊಂಡರೂ ಬಿಟ್ಟರೂ ಮೈಗೆ ಏನೂ ಅನ್ನಿಸುವುದಿಲ್ಲವಲ್ಲ. 'ಡಾಕ್ಟ್ರೇ, ಎದೆನೋವು ಹೋಯ್ತಲ್ಲ, ಇನ್ನೂ ಯಾಕೆ ನುಂಗ್ಬೇಕು?' ಅಂತ ಸಕಲೇಶಪುರದ ಕಡೆಯ ಯಜಮಾನರೊಬ್ಬರು ಕೇಳಿದರು. ದುಡ್ಡು ಕಡಿಮೆ ಇದ್ದಾಗ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಅಂತ ಯೋಚಿಸುವವನ ಪ್ರಶ್ನೆ ಅದು, ದಡ್ಡನದ್ದಲ್ಲ. ಉತ್ತರ ಕೊಡಬೇಕಾದವರು ನಾವು.

ಪ್ಯೂರ್ ಅನ್ನುವ ಅಧ್ಯಯನ 17 ದೇಶಗಳಲ್ಲಿ ಇದನ್ನೇ ಎಣಿಸಿತು. ಹೃದಯಾಘಾತವೋ ಪಾರ್ಶ್ವವಾಯುವೋ ಆದವರಲ್ಲಿ, ತೆಗೆದುಕೊಳ್ಳಬೇಕಾದ ಮುಖ್ಯ ಔಷಧಿಗಳಲ್ಲಿ ಒಂದನ್ನೂ ತೆಗೆದುಕೊಳ್ಳದವರು ಶ್ರೀಮಂತ ದೇಶಗಳಲ್ಲಿ ನೂರಕ್ಕೆ 11 ಜನ. ಬಡ ದೇಶಗಳಲ್ಲಿ ನೂರಕ್ಕೆ 80. ಆ ಎರಡನೇ ಗುಂಪಿನಲ್ಲಿ ನಾವೂ ಇದ್ದೆವು. ಲೆಕ್ಕ 2011ರದ್ದು.

ಇನ್ನು ಕೆಲಸದ ವಿಚಾರ. ಡಿಸ್ಚಾರ್ಜ್ ಸಮ್ಮರಿಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ, ಭಾರದ ಕೆಲಸ ಮಾಡಬಾರದು ಅಂತ. ಕೈಯ ನಾಳದಿಂದ ಸ್ಟೆಂಟ್ ಹಾಕಿದ್ದರೆ, ಹೃದಯಕ್ಕೆ ಹೆಚ್ಚು ಪೆಟ್ಟಾಗಿಲ್ಲದಿದ್ದರೆ, ಹಗುರ ಕೆಲಸಕ್ಕೆ ಬೇಗ ಮರಳಬಹುದು. ಬೈಪಾಸ್ ಹಾಗಲ್ಲ. ಎದೆಯ ನಡುವಿನ ಮೂಳೆಯನ್ನು ಸೀಳಿ ತಂತಿ ಕಟ್ಟಿರುತ್ತಾರೆ, ಅದು ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಮೇಷ್ಟ್ರಾಗಿದ್ದರೆ ಮೆಡಿಕಲ್ ಲೀವ್ ಹಾಕುತ್ತಾರೆ. ಹಮಾಲಿ ಏನು ಹಾಕಬೇಕು? ಆಲೂರು, ಸಕಲೇಶಪುರದ ಕಡೆ ಕಾಫಿ ಕೊಯ್ಲು ನಡೆಯುವುದು ನವೆಂಬರ್‌ನಿಂದ ಫೆಬ್ರುವರಿ ತನಕ. ಬಿಡಿಸಿದ ಹಣ್ಣಿನ ತೂಕಕ್ಕೆ ಕೂಲಿ. ವರ್ಷದ ಸಾಲ ತೀರುವುದು ಆ ನಾಲ್ಕು ತಿಂಗಳಲ್ಲಿ. ಡಿಸೆಂಬರ್‌ನಲ್ಲಿ ಬೈಪಾಸ್ ಆದ ಹೆಣ್ಣುಮಗಳಿಗೆ ಮಾರ್ಚ್ ತನಕ ಮೂಟೆ ಎತ್ತಬೇಡ ಅಂದರೆ ಆಕೆ ನನ್ನೆದುರು ತಲೆಯಾಡಿಸುತ್ತಾಳೆ. ಮನೆಗೆ ಹೋಗಿ ಕೊಡಪಾನ ಎತ್ತುತ್ತಾಳೆ, ಯಾಕೆಂದರೆ ನೀರು ಬೇರೆ ಯಾರೂ ತರುವುದಿಲ್ಲ. ಜೊತೆಗೆ ಸಕ್ಕರೆ ಕಾಯಿಲೆಯೂ ಇದ್ದರೆ ಗಾಯ ಬಿಟ್ಟುಕೊಂಡು ಕೀವಾಗಿ ಮತ್ತೆ ಆಸ್ಪತ್ರೆ.

ಮೈಕೈ ನೋವು ಅಂತ ಅಂಗಡಿಯಲ್ಲಿ ಕೇಳಿ ನುಂಗುವ ನೋವಿನ ಮಾತ್ರೆಯನ್ನೂ ಇಲ್ಲೇ ಹೇಳಬೇಕು. ಡೈಕ್ಲೊಫಿನಾಕ್ ಥರದ್ದು ಹೃದಯದವರಿಗೆ ಕೆಟ್ಟದ್ದು, ರಕ್ತ ತೆಳು ಮಾಡುವ ಮಾತ್ರೆಯ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ತಡ ಮಾಡದೆ ಬನ್ನಿ. ಬೀಡಿ, ಹೊಗೆಸೊಪ್ಪಿನ ಬಗ್ಗೆ ಉಪದೇಶ ಮಾಡುವುದಿಲ್ಲ, ನೀವು ಕೇಳಿ ಕೇಳಿ ಸಾಕಾಗಿದ್ದೀರಿ. ಬಿಟ್ಟರೆ ಲಾಭ ಸ್ಟೆಂಟಿನಷ್ಟೇ ದೊಡ್ಡದು ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಬಸ್ಸಿನದ್ದೊಂದು ಸ್ವಾರಸ್ಯ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಟಿಕೆಟ್ ಇಲ್ಲ. ಸ್ಟೆಂಟ್ ಹಾಕಿಸಿಕೊಂಡಿರುವುದು ಗಂಡ, ತಪಾಸಣೆಗೆ ಬರುವವಳು ಹೆಂಡತಿ! ಗಂಡನ ಚೀಟಿ ಹಿಡಿದು ಬಂದು 'ಅವ್ರು ಚೆನ್ನಾಗವ್ರೆ ಸಾರ್, ಮಾತ್ರೆ ಬರ್ಕೊಡಿ' ಅನ್ನುತ್ತಾರೆ. ಬಿಪಿ ನೋಡಬೇಕಾದ ತೋಳು ಅರಸೀಕೆರೆಯಲ್ಲಿ ಉಳಿದಿದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಆ ತಾಯಿಗೇ ಎಲ್ಲ ಹೇಳಿಕೊಡುತ್ತೇನೆ, ಗಂಡನಿಗೆ ಹೇಳುವುದಕ್ಕಿಂತ ಅದೇ ಹೆಚ್ಚು ಫಲಕಾರಿ. ಅವರದೇ ಬಿಪಿಯನ್ನೂ ನೋಡಿಬಿಡುತ್ತೇನೆ. ತಮ್ಮ ಎದೆನೋವನ್ನು ಗ್ಯಾಸ್ಟ್ರಿಕ್ ಅಂತ ಓಂಕಾಳು ಅಗಿದು ಮರೆಯುವವರು ಹೆಚ್ಚಾಗಿ ಈ ತಾಯಂದಿರೇ.

ಮಾತು ಬೈಪಾಸಿಗೆ ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುವ ಬೈಪಾಸ್ ವಿಧಾನವನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದವರು ರೆನೆ ಫಾವಲೋರೊ. ಅರ್ಜೆಂಟೀನಾದವರು. ಅದಕ್ಕೆ ಮೊದಲು ಹನ್ನೆರಡು ವರ್ಷ ಹಾಸಿಂತೊ ಅರಾವುಸ್ ಅನ್ನುವ ಸಣ್ಣ ಊರಿನಲ್ಲಿ ಹಳ್ಳಿ ಡಾಕ್ಟರಾಗಿದ್ದರು. ಹೆರಿಗೆ ಮಾಡಿಸುತ್ತಾ, ಊರವರಿಗೆ ಶುಚಿತ್ವ ಹೇಳಿಕೊಡುತ್ತಾ. ಆಮೇಲೆ ಸ್ವದೇಶಕ್ಕೆ ಮರಳಿ ಸಂಸ್ಥೆ ಕಟ್ಟಿದರು. ದುಡ್ಡಿಲ್ಲದವರನ್ನೂ ನೋಡುತ್ತಿದ್ದ ಆ ಸಂಸ್ಥೆ ಸಾಲದಲ್ಲಿ ಮುಳುಗಿತು, ಬರಬೇಕಾದ ಬಾಕಿ ಬರಲಿಲ್ಲ. 2000ದಲ್ಲಿ ಅವರು ತಮ್ಮ ಜೀವ ತಾವೇ ತೆಗೆದುಕೊಂಡರು. ಹೃದಯಕ್ಕೆ ಗುಂಡು ಹೊಡೆದುಕೊಂಡು. ಬಡವರಿಗೆ ಚಿಕಿತ್ಸೆ ಕೊಡುವ ಖರ್ಚನ್ನು ಒಬ್ಬ ಒಳ್ಳೆಯ ಮನುಷ್ಯನ ಹೆಗಲಿಗೆ ಬಿಡಬಾರದು ಅಂತ ನನಗೆ ಖಾತ್ರಿಯಾದದ್ದು ಇದನ್ನು ಓದಿದಾಗ.

ವಾಲ್ವ್ ಬದಲಿಸಿಕೊಂಡವರ ಕತೆ ಇನ್ನೂ ಕಷ್ಟದ್ದು. ಮಕ್ಕಳಿಗೆ ಗಂಟಲುನೋವು ಬಂದು, ಅದು ರುಮ್ಯಾಟಿಕ್ ಜ್ವರಕ್ಕೆ ತಿರುಗಿ, ವರ್ಷಗಳ ಮೇಲೆ ಹೃದಯದ ಕವಾಟ ಕೆಡುತ್ತದೆ. ಇಕ್ಕಟ್ಟಾದ ಮನೆಗಳ ಕಾಯಿಲೆ ಇದು, ಬಡತನದ ಜೊತೆಗೇ ಬರುತ್ತದೆ. ಕೆಲವರಿಗೆ ಬಲೂನ್ ಚಿಕಿತ್ಸೆ ಸಾಕು. ಇಲ್ಲದವರಿಗೆ ಲೋಹದ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮದೇ ವಾಲ್ವ್ ಮಾಡಿ 1990ರಲ್ಲಿ ಮೊದಲ ರೋಗಿಗೆ ಹಾಕಿತು, ಅದರಿಂದ ಬೆಲೆ ಇಳಿಯಿತು. ಆದರೆ ಲೋಹದ ವಾಲ್ವ್ ಇದ್ದವರು ಜೀವನಪೂರ್ತಿ ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ನುಂಗಬೇಕು, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಆ ಸಂಖ್ಯೆ ಕಡಿಮೆಯಾದರೆ ವಾಲ್ವ್ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ರಕ್ತಸ್ರಾವ. ಪರೀಕ್ಷೆಗೆ ಪಟ್ಟಣಕ್ಕೆ ಬರಬೇಕು, ಬಂದ ದಿನ ಕೂಲಿ ಹೋಯಿತು.

ಅದರ ಮೇಲೆ ಸೊಪ್ಪಿನ ಗೊಂದಲ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕೆಲವರು 'ಸೊಪ್ಪು ಮುಟ್ಟಲೇಬೇಡ' ಅಂದುಬಿಡುತ್ತಾರೆ. ನಮ್ಮ ಕಡೆ ಬಡವರ ಮನೆಯಲ್ಲಿ ಮುದ್ದೆಗೆ ಬೇರೇನಿದೆ? ಬೇಲಿಯ ಸೊಪ್ಪು ಕಿತ್ತು ಬಸ್ಸಾರು ಮಾಡುತ್ತಾರೆ, ದುಡ್ಡು ಕೊಡದೆ ಸಿಗುವುದು ಅದೊಂದೇ. ಸೊಪ್ಪು ಬಿಡಬೇಕಾಗಿಲ್ಲ. ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಮಳೆಗಾಲದಲ್ಲಿ ಒಮ್ಮೆಲೇ ಜಾಸ್ತಿ ಮಾಡಿದರೆ ಪರೀಕ್ಷೆ ಮಾಡಿಸಿ. ಆ ಸಂಖ್ಯೆಗೆ ತಕ್ಕಂತೆ ಮಾತ್ರೆ ಹೊಂದಿಸುವುದು ವೈದ್ಯರ ಕೆಲಸ.

ಏನು ಮಾಡಿದರೆ ಸರಿಹೋಗುತ್ತದೆ ಅಂತ ಕೇಳುತ್ತೀರಿ. ಮಾತ್ರೆ ಉಚಿತ ಕೊಡಿ ಅನ್ನುವುದು ಮೊದಲ ಉತ್ತರ, ಅದು ಬೇಕೇ ಬೇಕು. ಆದರೆ ಅಷ್ಟೇ ಸಾಲದು. ಅಮೆರಿಕದಲ್ಲಿ ಹೃದಯಾಘಾತವಾದ 5,855 ವಿಮಾದಾರರಲ್ಲಿ ಕೆಲವರಿಗೆ ಮಾತ್ರೆ ಪೂರ್ತಿ ಉಚಿತ ಮಾಡಿ ನೋಡಿದರು, 2011ರ ಅಧ್ಯಯನ. ಮಾತ್ರೆ ನುಂಗುವುದು ಹೆಚ್ಚಾಯಿತು, ಆದರೆ ನೂರಕ್ಕೆ ನಾಲ್ಕರಿಂದ ಆರರಷ್ಟು ಮಾತ್ರ. ನಮ್ಮಲ್ಲಿ ಮತ್ತೆ ಸೇಂಟ್ ಜಾನ್ಸ್‌ನವರೇ 14 ಆಸ್ಪತ್ರೆಗಳ 806 ರೋಗಿಗಳಲ್ಲಿ ಇನ್ನೊಂದು ದಾರಿ ನೋಡಿದರು. ಡಾಕ್ಟರಲ್ಲ, ನರ್ಸಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡಿದರು, ಮಾತ್ರೆ ಯಾಕೆ ತಪ್ಪುತ್ತಿದೆ ಅಂತ ವಿಚಾರಿಸಿದರು. ವರ್ಷದ ಕೊನೆಗೆ ಹಾಗೆ ಮಾತಾಡಿಸಿದವರಲ್ಲಿ ನೂರಕ್ಕೆ 97 ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರು, ಉಳಿದವರಲ್ಲಿ 92. ಬಿಪಿಯೂ ಇಳಿಯಿತು.

ಇಲ್ಲಿ ಆಶಾ ಅಕ್ಕಂದಿರು ಕೂತಿದ್ದೀರಿ. ನಿಮ್ಮ ತಲೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೊರಿಸುವ ಮನಸ್ಸು ನನಗಿಲ್ಲ, ಹೊರಿಸುವುದಾದರೆ ಅದಕ್ಕೆ ತಕ್ಕ ಗೌರವಧನ ಕೊಡಬೇಕು. ಆದರೆ ಊರಿನಲ್ಲಿ ಯಾರಿಗೆ ಸ್ಟೆಂಟ್ ಆಗಿದೆ ಅಂತ ನಿಮಗೆ ಗೊತ್ತಿರುತ್ತದೆ. ಆ ಮನೆಗೆ ಹೋದಾಗ ಮೂರು ಕೆಲಸ ಸಾಕು. ಎರಡನೇ ವಾರದಲ್ಲೇ ಹೋಗಿ, ಮಾತ್ರೆ ಮುಗಿಯುವ ಮೊದಲು. ಯಾವ ಮಾತ್ರೆ ಯಾವ ತಿಂಗಳ ತನಕ ಅಂತ ಕನ್ನಡದಲ್ಲಿ ಕ್ಯಾಲೆಂಡರ್ ಮೇಲೆ ಬರೆದಿಡಿ. ದುಬಾರಿ ಬ್ರ್ಯಾಂಡ್ ತರುತ್ತಿದ್ದರೆ, ಅದೇ ಔಷಧಿ ಜನೌಷಧಿ ಕೇಂದ್ರದಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ಸಿಗುತ್ತದಾ ಅಂತ ಕೇಳಿಸಿ. ತೋಟದ ಮಾಲೀಕರೂ ಇಲ್ಲಿದ್ದೀರಿ ಅಂದುಕೊಂಡಿದ್ದೇನೆ. ಆಪರೇಷನ್ ಆದ ಆಳನ್ನು ಮೂರು ತಿಂಗಳು ಕಣದಲ್ಲಿ ಕಾಫಿ ಕೆದಕುವುದಕ್ಕೋ ನರ್ಸರಿಗೋ ಹಾಕಲು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಒಂದು ಮಾತು ಹೇಳಿದರೆ ಆಯಿತು.

ಕೊನೆಯಲ್ಲಿ ಸಭೆಯಿಂದ ಬಂದ ಒಂದು ಪ್ರಶ್ನೆ. ಹೊಳೆನರಸೀಪುರದ ಕಡೆಯ ತಾಯಿಯೊಬ್ಬರು ಕೇಳಿದರು: 'ನಮ್ಮ ಯಜಮಾನ್ರಿಗೆ ಸ್ಟೆಂಟ್ ಆಗಿ ಐದು ತಿಂಗಳಾಯ್ತು. ಹಲ್ಲು ಕೀಳಿಸ್ಬೇಕು. ರಕ್ತ ನಿಲ್ಲಲ್ಲ, ಒಂದ್ವಾರ ಮಾತ್ರೆ ಬಿಡಿ ಅಂತ ಹೇಳವ್ರೆ. ಬಿಡ್ಬೋದಾ?'

ಬಿಡಬೇಡಿ ತಾಯಿ. ಒಂದು ಹಲ್ಲು ಕೀಳಲು ಸಾಮಾನ್ಯವಾಗಿ ಈ ಮಾತ್ರೆ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ. ರಕ್ತ ಸ್ವಲ್ಪ ಹೆಚ್ಚು ಹೊತ್ತು ಜಿನುಗುತ್ತದೆ, ಹತ್ತಿ ಒತ್ತಿ ಹಿಡಿದರೆ ಅಥವಾ ಒಂದು ಹೊಲಿಗೆ ಹಾಕಿದರೆ ನಿಲ್ಲುತ್ತದೆ. ಸ್ಟೆಂಟ್ ಕಟ್ಟಿಕೊಂಡರೆ ಹಾಗೆ ಒತ್ತಿ ಹಿಡಿಯಲು ಆಗುವುದಿಲ್ಲ. ಡಿಸ್ಚಾರ್ಜ್ ಚೀಟಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ, ಅದರಲ್ಲಿ ಸ್ಟೆಂಟ್ ಹಾಕಿದ ತಾರೀಕೂ ಆಸ್ಪತ್ರೆಯ ಫೋನ್ ನಂಬರೂ ಇರುತ್ತವೆ. ಮಾತ್ರೆ ನಿಲ್ಲಿಸುವುದೋ ಬೇಡವೋ ಅಂತ ಹಲ್ಲಿನ ಡಾಕ್ಟರೂ ಹೃದಯದ ಡಾಕ್ಟರೂ ಮಾತಾಡಿಕೊಳ್ಳಲಿ. ಅವರು ಹೇಳುವ ತನಕ ಮಾತ್ರೆ ನಡೆಯುತ್ತಿರಲಿ.